ಕೈ ಮಾತಾಡುತ್ತದೆ, ಕಚೇರಿಗೆ ಕಣ್ಣಿಲ್ಲ

ಯಾದಗಿರಿ, ಶಹಾಪುರ, ಸುರಪುರ. ಈ ಮೂರು ತಾಲೂಕಿನೊಳಗಿನ ಒಂದು ಊರು. ಹೆಸರು ಬೇಡ. ಹೆಸರು ಹೇಳಿದರೆ ಆ ಹೆಣ್ಣುಮಗಳು ನಾಳೆ ಮತ್ತೆ ಅದೇ ಹೊಲಕ್ಕೆ ಕೂಲಿಗೆ ಹೋಗಬೇಕಾದವಳು. ಹುಟ್ಟಾ ಕಿವುಡಿ. ಊರು ಅವಳನ್ನು ಕೆಪ್ಪಿ ಎಂದೇ ಕರೆಯುತ್ತದೆ. ಅವ್ವ ಇಟ್ಟ ಹೆಸರೊಂದಿದೆ, ಅದು ರೇಶನ್ ಕಾರ್ಡಿನಲ್ಲಿ ಮಾತ್ರ ಇದೆ.

ಹನ್ನೊಂದು ದಿನ ಹತ್ತಿ ಬಿಡಿಸಿದಳು. ಕೂಲಿ ಬರಲಿಲ್ಲ. ಕಚೇರಿಗೆ ಹೋದಳು. ಅಲ್ಲಿದ್ದ ಸಾಹೇಬರು ಕೆಟ್ಟವರೇನಲ್ಲ, ಕೂಡಲು ಹೇಳಿದರು, ನೀರು ಕೊಡಿಸಿದರು. "ಇಕಿ ಏನ್ ಹೇಳ್ಲಕತ್ಯಾಳ ತಿಳೀವಲ್ದಲ್ಲ. ಇಕಿ ಸನ್ನಿ ತಿಳಿಯಾವ್ರು ಯಾರರ ಹಾರೇನ್ರಿ?" ಎಂದು ಕೇಳಿದರು. ಇದ್ದ ಒಬ್ಬ. ಹೊಲದ ಧಣಿಯ ಲೆಕ್ಕ ಬರೆಯುವವ. ಅವಳು ಎರಡೂ ಕೈಯಿಂದ ಹತ್ತಿ ಬಿಡಿಸಿ ಉಡಿಗೆ ಹಾಕಿಕೊಂಡಂತೆ ತೋರಿಸಿದಳು. ಹತ್ತು ಬೆರಳು ಎತ್ತಿ, ಮುಚ್ಚಿ, ಮತ್ತೊಂದು ಬೆರಳು ಎತ್ತಿದಳು. ಆಮೇಲೆ ಬರಿದಾದ ಅಂಗೈ ಮುಂದೆ ಚಾಚಿದಳು. ಅವನು ಹೇಳಿದ: "ಹನ್ನೊಂದು ದಿನದ ಕೂಲಿ ಕೈಗಿ ಮುಟ್ಟ್ಯದ ಅಂತಾಳ್ರಿ."

ಸಾಹೇಬರು ಬರೆದುಕೊಂಡರು. ಅವಳು ಹೆಬ್ಬೆಟ್ಟು ಒತ್ತಿದಳು.

ನಾವು ಸನ್ನೆಭಾಷೆಯ ದುಭಾಷಿ ಪರೀಕ್ಷೆಗೆ ಓದಲು ಕೂತದ್ದು ಈ ಹೆಬ್ಬೆಟ್ಟಿನಿಂದ. ನಾವೆಂದರೆ ಐದು ಜನ. ಇಬ್ಬರು ಪ್ರೈಮರಿ ಶಾಲೆಯ ಮಾಸ್ತರರು. ಒಬ್ಬನ ಅವ್ವ ಅಪ್ಪ ಇಬ್ಬರೂ ಕಿವುಡರು. ಒಬ್ಬಾಕಿಯ ತಮ್ಮ ಕಿವುಡ. ಇನ್ನೊಬ್ಬ ಬಿ.ಎ. ಮುಗಿಸಿ ಕೆಲಸವಿಲ್ಲದೆ ಸಂಘಟನೆಯ ಪೋಸ್ಟರು ಅಂಟಿಸಿಕೊಂಡಿದ್ದವ. ರಾತ್ರಿ ಎಂಟರ ಮೇಲೆ ಕೂಡುತ್ತೇವೆ. ಒಂದು ಮೊಬೈಲು, ಒಂದು ಗೋಡೆ, ಮೇಲೆ ಬಾಬಾಸಾಹೇಬರ ಫೋಟೋ. ಕರೆಂಟು ಇದ್ದರೆ ಪಾಠ, ಇಲ್ಲದಿದ್ದರೆ ಕಿವಿ ಕೇಳಿಸುವ ನಾವು ಮಾತಾಡುತ್ತೇವೆ, ಕಿವುಡ ಗೆಳೆಯರು ಎದ್ದು ಮನೆಗೆ ಹೋಗುತ್ತಾರೆ. ಕತ್ತಲೆಯಲ್ಲಿ ಕೈ ಕಾಣುವುದಿಲ್ಲವಲ್ಲ. ವಿದ್ಯುತ್ ಇಲಾಖೆಯು ಒಂದು ಜನಸಮುದಾಯದ ಬಾಯಿ ಮುಚ್ಚಬಹುದು ಎಂಬುದು ನಮಗೆ ತಿಳಿದದ್ದೇ ಇಲ್ಲಿ.

ನಮ್ಮ ಸಂಗಾತಿಗಳಲ್ಲೇ ಕೆಲವರು ನಕ್ಕರು. ಭೂಮಿ ಇಲ್ಲ, ಕೂಲಿ ಇಲ್ಲ, ಜನ ಗುಳೆ ಹೊಂಟಾರ, ನೀವು ಬೆರಳು ಆಡಿಸ್ಕೋತ ಕುಂತೀರಿ ಎಂದರು. ಅವರಿಗೆ ಉತ್ತರ ಕೊಡಲಿಕ್ಕೇ ಇದನ್ನು ಬರೆಯುತ್ತಿದ್ದೇವೆ.

1920ರ ಜನವರಿ 31ರಂದು ಬಾಬಾಸಾಹೇಬರು ತಮ್ಮ ಮೊದಲ ಪತ್ರಿಕೆ ಹೊರಡಿಸಿದರು. ಅದರ ಹೆಸರು 'ಮೂಕನಾಯಕ'. ಅಂದಿನಿಂದ ಇಂದಿನವರೆಗೆ 'ಮೂಕ' ಎಂಬ ಪದವನ್ನು ನಾವು ಎಷ್ಟು ಭಾಷಣದಲ್ಲಿ ಬಳಸಿಲ್ಲ! ಮೂಕ ಸಮಾಜ, ಮೂಕ ವೇದನೆ, ಮೂಕರಿಗೆ ದನಿ. ಆದರೆ ನಿಜವಾಗಿ ಬಾಯಿಂದ ಮಾತು ಬಾರದ ನಮ್ಮ ಅಕ್ಕ, ನಮ್ಮ ಕಾಕಾ ಅದೇ ಭಾಷಣದ ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರ ಕೈಯಲ್ಲೂ ನೀಲಿ ಬಾವುಟ ಇತ್ತು. ಜನ ಚಪ್ಪಾಳೆ ಹೊಡೆದಾಗ ಅವರೂ ಹೊಡೆದರು. ಯಾಕೆ ಹೊಡೆದರು ಎಂದು ಅವರಿಗೆ ಯಾರೂ ಹೇಳಲಿಲ್ಲ. ಉಪಮೆಯ ಮೂಕನನ್ನು ವೇದಿಕೆಗೆ ಏರಿಸಿ ನಿಜದ ಮೂಕನನ್ನು ಚಾಪೆ ಹಾಸಲು ಕರೆದವರು ನಾವೇ. ಈ ತಪ್ಪನ್ನು ಮೇಲ್ಜಾತಿಯವರ ತಲೆಗೆ ಕಟ್ಟಲು ಬರುವುದಿಲ್ಲ.

ಆದರೆ ಅವರ ತಲೆಗೆ ಕಟ್ಟಬೇಕಾದ್ದು ಬೇರೆ ಬಹಳ ಇದೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟ ಆ ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಿರಿ. ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡ, ಹುಟ್ಟುಕಿವುಡ, ಮೂಕ ಇವರಿಗೆ ಆಸ್ತಿಯಲ್ಲಿ ಪಾಲಿಲ್ಲ ಎಂದಿದೆ, ಹೊಟ್ಟೆಗೆ ಬಟ್ಟೆಗೆ ಕೊಟ್ಟರೆ ಸಾಕಂತೆ. ಏಳನೆಯ ಅಧ್ಯಾಯದಲ್ಲಿ ರಾಜ ಆಲೋಚನೆಗೆ ಕೂತಾಗ ಹೊರಗೆ ಅಟ್ಟಬೇಕಾದವರ ಪಟ್ಟಿಯಿದೆ: ಮೂಕರು, ಕಿವುಡರು, ಹೆಂಗಸರು, ಮ್ಲೇಚ್ಛರು, ರೋಗಿಗಳು, ಜೊತೆಗೆ ಪಶುಪಕ್ಷಿಗಳು. ಹನ್ನೊಂದನೆಯದರಲ್ಲಿ, ವೇದದ ಮಾತನ್ನು ಕದ್ದವನು ಮೂಕನಾಗಿ ಹುಟ್ಟುತ್ತಾನೆ ಎಂದಿದೆ. ಇನ್ನು ಗೌತಮ ಧರ್ಮಸೂತ್ರ ವೇದ ಕೇಳಿದ ಶೂದ್ರನ ಕಿವಿಗೆ ಕಾಯಿಸಿದ ಲೋಹ ಹೊಯ್ಯಲು ಹೇಳುತ್ತದೆ. ಹೊಲೆಯ ಹೊಲೆಯನಾಗಿ ಹುಟ್ಟಿದ್ದು ಹಿಂದಿನ ಜನ್ಮದ ಪಾಪ, ಕಿವುಡ ಕಿವುಡನಾಗಿ ಹುಟ್ಟಿದ್ದೂ ಹಿಂದಿನ ಜನ್ಮದ ಪಾಪ. ಕಾನೂನಿನಲ್ಲಿ ಆ ಪಾಲಿನ ಅಡ್ಡಿ ತೆಗೆಯಲು 1928ರ ವರೆಗೆ ಕಾಯಬೇಕಾಯಿತು, 1956ರ ಹಿಂದೂ ವಾರಸಾ ಕಾಯ್ದೆಯಲ್ಲಿ ಮತ್ತೆ ಬರೆಯಬೇಕಾಯಿತು. ಊರಲ್ಲಿ ಇನ್ನೂ ತೆಗೆದಿಲ್ಲ. 'ಅಕಿಗಿ ಏನ್ ತಿಳೀತದ' ಎಂದು ಕಿವುಡ ಮಗಳ ಪಾಲಿಗೆ ಅಣ್ಣತಮ್ಮಂದಿರು ಸಹಿ ಹಾಕಿಸಿಕೊಳ್ಳುವುದನ್ನು ನಮ್ಮ ಕೇರಿಯಲ್ಲೂ ನೋಡಿದ್ದೇವೆ.

ಈಗ ಪಾಪ ಎನ್ನುವುದಿಲ್ಲ, 'ದಿವ್ಯಾಂಗ' ಎನ್ನುತ್ತಾರೆ. ಹರಿಜನ ಎಂದು ಕರೆಸಿಕೊಂಡ ನಮಗೆ ಈ ಆಟ ಹೊಸದಲ್ಲ. ದೇವರನ್ನು ಹೆಸರಿಗೆ ಅಂಟಿಸಿದ ಮೇಲೆ ಪಗಾರ ಅಂಟಿಸುವ ಜರೂರು ಬೀಳುವುದಿಲ್ಲ.

ನಮ್ಮ ಈ ಸೀಮೆಯವರಿಗೆ ದುಭಾಷಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 1948ರ ವರೆಗೆ ನಾವು ನಿಜಾಮನ ಪ್ರಜೆಗಳು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ನಮ್ಮ ಮುತ್ಯಾಗಳು ತಹಶೀಲ ಕಚೇರಿಯ ಕಟ್ಟೆಯ ಕೆಳಗೆ ಕೈಮುಗಿದು ನಿಂತಾಗ ಅವರ ಬಾಯಿ ಇತ್ತು, ಕಿವಿ ಇತ್ತು, ಆದರೂ ಅವರು ಮೂಕರೇ, ಕಿವುಡರೇ. ಅರ್ಜಿ ಬರೆಯುವ ಮುನ್ಶಿ ಏನು ಬರೆದನೋ ಅದೇ ಅವರ ಮಾತು. ಕುಲಕರ್ಣಿ ಲೆಕ್ಕದಲ್ಲಿ ಏನು ತೋರಿಸಿದನೋ ಅದೇ ಅವರ ಹೊಲ. ಎಷ್ಟು ಹೊಲೆಮಾದಿಗರ ಭೂಮಿ ಹೀಗೆ ಬೇರೆಯವರ ಹೆಸರಿಗೆ ನಡೆದುಹೋಯಿತು ಎಂಬುದನ್ನು ಸುರಪುರದ, ಶಹಾಪುರದ ಯಾವ ಮುದುಕನನ್ನು ಕೇಳಿದರೂ ಹೇಳುತ್ತಾನೆ. ಕಚೇರಿಯ ಭಾಷೆ ಬಾರದವನೇ ಮೂಕ. ಇದು ದೇಹದ ಕೊರತೆಯಲ್ಲ, ಕಚೇರಿಯ ಕೊರತೆ.

ಕೈಭಾಷೆ ಭಾಷೆಯೇ ಅಲ್ಲ, ಬರೀ ಹಾವಭಾವ ಎನ್ನುವ ಪಂಡಿತರು ನಮ್ಮಲ್ಲಿ ಇದ್ದಾರೆ. ನಮ್ಮ ಕೇರಿಯ ಕನ್ನಡವನ್ನು ಕನ್ನಡವೇ ಅಲ್ಲ ಎಂದವರ ಮೊಮ್ಮಕ್ಕಳೇ ಇವರು. 1960ರಲ್ಲೇ ಅಮೆರಿಕದ ವಿಲಿಯಂ ಸ್ಟೋಕಿ ಎಂಬ ಮೇಷ್ಟರು ಕಿವುಡರ ಕೈಭಾಷೆಗೆ ತನ್ನದೇ ವ್ಯಾಕರಣವಿದೆ ಎಂದು ತೋರಿಸಿದರು. ನಮ್ಮ ದೇಶದ ಸನ್ನೆಭಾಷೆಯನ್ನು 1970ರ ದಶಕದ ಕೊನೆಯಲ್ಲಿ ವಸಿಷ್ಠ, ವುಡ್‌ವರ್ಡ್ ಮೊದಲಾದವರು ದೆಹಲಿ, ಕಲ್ಕತ್ತಾ, ಮುಂಬೈ, ಬೆಂಗಳೂರು ಈ ನಾಲ್ಕು ಕಡೆ ಕೂತು ದಾಖಲಿಸಿದರು. ಓದಲು ಕೂತ ಮೇಲೆ ನಮಗೂ ಗೊತ್ತಾಯಿತು: ಹುಬ್ಬು ಏರಿಸಿದರೆ ಪ್ರಶ್ನೆ. 'ಏನು', 'ಎಲ್ಲಿ', 'ಯಾರು' ವಾಕ್ಯದ ಕೊನೆಗೆ ಬರುತ್ತವೆ. ಮುಖ ಸುಮ್ಮನಿದ್ದರೆ ವ್ಯಾಕರಣ ತಪ್ಪುತ್ತದೆ. ಸಭೆಗಳಲ್ಲಿ ಕಲ್ಲಿನ ಮುಖ ಮಾಡಿಕೊಂಡು ಕೂಡುವ ನಮ್ಮ ಮಾಸ್ತರರಿಬ್ಬರು ಮೊದಲ ತಿಂಗಳು ಫೇಲಾದದ್ದು ಇಲ್ಲೇ.

ಗಂಡಸಿಗೆ ಮೀಸೆಯ ಸನ್ನೆ, ಹೆಂಗಸಿಗೆ ಮೂಗುತಿಯ ಸನ್ನೆ. ಮೊದಲ ದಿನ ಎಲ್ಲರೂ ಮೀಸೆ ಮುಟ್ಟಿಕೊಂಡು ನಕ್ಕೆವು. ಆಮೇಲೆ ನಗು ನಿಂತಿತು. 2017ರಲ್ಲಿ ಗುಜರಾತಿನ ಊರೊಂದರಲ್ಲಿ ಮೀಸೆ ಬಿಟ್ಟದ್ದಕ್ಕೇ ದಲಿತ ಹುಡುಗರಿಗೆ ಹೊಡೆದದ್ದು ಒಬ್ಬ ನೆನಪಿಸಿದ. ನಮ್ಮ ಕಿವುಡ ಮುದುಕರ ಮನೆ ಸನ್ನೆಯಲ್ಲಿ ಮೀಸೆ ತಿರುವಿ ತೋರಿಸಿದರೆ 'ಗಂಡಸು' ಎಂದಲ್ಲ, 'ಧಣಿ' ಎಂದು ಅರ್ಥ. ತಮ್ಮನ್ನು ತಾವು ತೋರಿಸಿಕೊಳ್ಳಲು ಅವರು ತಲೆಯ ಮೇಲಿನ ಟವೆಲ್ ತೆಗೆದು ಬಗಲಿಗೆ ಇಟ್ಟುಕೊಳ್ಳುವ ಸನ್ನೆ ಮಾಡುತ್ತಾರೆ. ಯಾವ ಸಮಾಜಶಾಸ್ತ್ರಜ್ಞ ಇಷ್ಟು ಚಿಕ್ಕ ವಾಕ್ಯದಲ್ಲಿ ಇಷ್ಟು ಹೇಳಿದ್ದಾನೆ? ದೆಹಲಿಯ ಕೇಂದ್ರದ ಸನ್ನೆ ನಿಘಂಟು 2021ಕ್ಕೆ 10,000 ಪದಕ್ಕೆ ಏರಿದೆ. ಒಳ್ಳೆಯದು, ಅದನ್ನೇ ಮೊಬೈಲಿನಲ್ಲಿ ನೋಡಿ ಕಲಿಯುತ್ತಿದ್ದೇವೆ. ಆದರೆ ಗುಳೆ, ಜೀತ, ಮುತ್ತು ಕಟ್ಟುವುದು, ಮುಂಗಡ ಹಿಡಿಯುವುದು, ಇವಕ್ಕೆಲ್ಲ ನಾವು ನಮ್ಮ ಕಿವುಡರ ಹತ್ತಿರವೇ ಕೂತು ಕೇಳಬೇಕಾಯಿತು. 2020ರ ಶಿಕ್ಷಣ ನೀತಿ ಸನ್ನೆಭಾಷೆಯನ್ನು ದೇಶಕ್ಕೆಲ್ಲ ಒಂದೇ ಅಚ್ಚಿಗೆ ತರುತ್ತೇವೆ ಎನ್ನುತ್ತದೆ, ಸ್ಥಳೀಯ ಸನ್ನೆಗೂ ಮರ್ಯಾದೆ ಎನ್ನುತ್ತದೆ. ಮರ್ಯಾದೆಯ ಮಾತು ಯಾವಾಗಲೂ ಎರಡನೆಯ ವಾಕ್ಯದಲ್ಲೇ ಬರುತ್ತದೆ.

ಶಾಲೆಯ ಮಾತು. ಕಿವುಡ ಮಕ್ಕಳ ಕೈ ಕಟ್ಟಿದ ಕಥೆ ನಮ್ಮ ದೇಶದ್ದಷ್ಟೇ ಅಲ್ಲ. 1880ರಲ್ಲಿ ಇಟಲಿಯ ಮಿಲಾನ್ ಊರಿನಲ್ಲಿ ಕಿವುಡರ ಶಿಕ್ಷಣದ ಮಹಾಸಭೆ ಸೇರಿತು. ಸನ್ನೆ ಬೇಡ, ತುಟಿ ನೋಡಿ ಬಾಯಿಂದಲೇ ಮಾತಾಡಲಿ ಎಂದು ಠರಾವು ಮಾಡಿತು. ಠರಾವು ಮಾಡಿದವರು ಹೆಚ್ಚುಕಡಿಮೆ ಎಲ್ಲ ಕಿವಿ ಕೇಳುವವರೇ. ಅದನ್ನು ತಪ್ಪು ಎಂದು ಒಪ್ಪಿ ತಳ್ಳಿಹಾಕಲು 2010ರ ವ್ಯಾಂಕೂವರ್ ಸಭೆಯೇ ಬರಬೇಕಾಯಿತು, 130 ವರ್ಷ. ಇಲ್ಲಿ ಈಗಲೂ ನಮ್ಮ ಒಬ್ಬ ಗೆಳತಿಯ ತಮ್ಮ ಊರ ಶಾಲೆಯಲ್ಲಿ ಎಂಟು ವರ್ಷ ಕೂತ. ಕಪ್ಪುಹಲಗೆಯ ಅಕ್ಷರ ಮುತ್ತಿನಂತೆ ನಕಲು ಮಾಡುತ್ತಿದ್ದ. ಒಂದಕ್ಕೂ ಅರ್ಥ ಗೊತ್ತಿರಲಿಲ್ಲ. ಮಾಸ್ತರರು 'ಶ್ಯಾಣ್ಯಾ ಹುಡುಗ, ಗದ್ದಲ ಮಾಡಲ್ಲ' ಎಂದು ಪಾಸು ಮಾಡುತ್ತ ಹೋದರು. ಮಾಸ್ತರರೇ, ನಿಮ್ಮನ್ನೇ ಕೇಳುತ್ತಿದ್ದೇವೆ, ನಿಮ್ಮ ವರ್ಗದಲ್ಲಿ ಗದ್ದಲ ಮಾಡದ ಹುಡುಗ ಯಾರು? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83, ರಾಜ್ಯದಲ್ಲೇ ಕೊನೆ. ಕಿವಿ ಕೇಳುವವರ ಗತಿಯೇ ಇದು. ಅರ್ಧ ಜನಕ್ಕೆ ಅಕ್ಷರವಿಲ್ಲದ ಜಿಲ್ಲೆಯಲ್ಲಿ ಕಿವುಡನಿಗೆ 'ಬರದು ತೋರ್ಸು' ಎನ್ನುವ ಕಚೇರಿಗೆ ನಾಚಿಕೆಯಾಗಬೇಕು.

ಇನ್ನು ಕಾಯ್ದೆಗೆ ಬರೋಣ. ಕಾಯ್ದೆ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ, ಬಹಳ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆಭಾಷೆಯನ್ನು ಸಂವಹನವೆಂದು ಒಪ್ಪಿದೆ. ನ್ಯಾಯಾಲಯಕ್ಕೆ ಹೋಗುವ ಹಕ್ಕು ಬರೆದಿದೆ, ಸನ್ನೆ ಬಲ್ಲ ಶಿಕ್ಷಕರನ್ನು ನೇಮಿಸಬೇಕೆಂದಿದೆ. ಮಾತಾಡಲಾರದ ಸಾಕ್ಷಿಯ ಹೇಳಿಕೆಗೆ ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಅದನ್ನು ವಿಡಿಯೋ ಮಾಡಬೇಕು ಎಂದು 2013ರಲ್ಲಿ ಸಾಕ್ಷ್ಯ ಕಾಯ್ದೆಯನ್ನು ತಿದ್ದಲಾಯಿತು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೆಯ ಕಲಮಿನಲ್ಲಿ ಅದೇ ಇದೆ. ಅತ್ಯಾಚಾರಕ್ಕೊಳಗಾದ ಅಂಗವಿಕಲ ಹೆಣ್ಣಿನ ದೂರನ್ನು ಪೊಲೀಸರು ಅವಳ ಮನೆಗೇ ಹೋಗಿ, ದುಭಾಷಿ ಇಟ್ಟುಕೊಂಡು ಬರೆಯಬೇಕು. 2012ರಲ್ಲಿ ರಾಜಸ್ಥಾನದ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದುಭಾಷಿಗೆ ಪ್ರಮಾಣ ಮಾಡಿಸಬೇಕು, ಅವನಿಗೆ ಆ ಖಟ್ಲೆಯಲ್ಲಿ ಸ್ವಂತ ಹಿತ ಇರಕೂಡದು ಎಂದಿತು. ಅಲ್ಲಿ ಕಿವುಡಿ ಹೆಣ್ಣುಮಗಳೇ ಕಣ್ಣಾರೆ ಕಂಡ ಸಾಕ್ಷಿಯಾಗಿದ್ದಳು. ಅವಳ ಸಾಕ್ಷ್ಯ ನಿಲ್ಲಲಿಲ್ಲ.

ಇದರ ಅರ್ಥವೇನೆಂದು ಕೇರಿಯವರು ಚೆನ್ನಾಗಿ ತಿಳಿದುಕೊಳ್ಳಬೇಕು. ಧಣಿಯ ಲೆಕ್ಕದವ ದುಭಾಷಿ ಆಗಕೂಡದು, ಸರಿ. ಆದರೆ ಅವಳ ಅವ್ವನೂ ಆಗಲಾರಳು, ಅಕ್ಕನೂ ಆಗಲಾರಳು. ಎದುರಿನ ವಕೀಲ ಎದ್ದು 'ಇವಳು ರಕ್ತಸಂಬಂಧಿ' ಎಂದರೆ ಸಾಕು. ಅವಳ ಸನ್ನೆ ತಿಳಿದವರಿಗೆ ಹಿತವಿದೆ, ಹಿತವಿಲ್ಲದವರಿಗೆ ಸನ್ನೆ ತಿಳಿಯದು. ಈ ಇಕ್ಕಟ್ಟಿನ ನಡುವೆ ಒಂದು ಸರ್ಟಿಫಿಕೇಟು ಬೇಕಾಗುತ್ತದೆ. 'ಕಾಗದದಿಂದ ಕ್ರಾಂತಿ ಆಗ್ತದೇನ್ರಿ' ಎಂದು ನಕ್ಕ ಗೆಳೆಯರೇ, ಕಾಗದವಿಲ್ಲದ್ದಕ್ಕೇ ನಮ್ಮ ಭೂಮಿ ಹೋಯಿತು. ಲಂಡನ್ನಿನ ಡಿ.ಎಸ್ಸಿ., ಗ್ರೇಸ್ ಇನ್ನಿನ ಬ್ಯಾರಿಸ್ಟರ್ ಪದವಿ ಬಾಬಾಸಾಹೇಬರು ಗೋಡೆಗೆ ಹಾಕಲು ತಂದದ್ದಲ್ಲ.

ಆ ಕಾಗದ ಎಲ್ಲಿ ಸಿಗುತ್ತದೆ? ಭಾರತೀಯ ಸನ್ನೆಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಹುಟ್ಟಿದ್ದು 2015ರ ಸೆಪ್ಟೆಂಬರ್ 28ರಂದು, ದೆಹಲಿಯಲ್ಲಿ. ಪುನರ್ವಸತಿ ಪರಿಷತ್ತಿನ ಮಾನ್ಯತೆಯ 2 ವರ್ಷದ ದುಭಾಷಿ ಡಿಪ್ಲೊಮಾ ಇದೆ, ಪಿ.ಯು.ಸಿ. ಆಗಿರಬೇಕು. ಕಿವುಡ ತಂದೆತಾಯಿಗಳ ಮಕ್ಕಳಿಗೆ, ಕಿವುಡರ ಒಡಹುಟ್ಟಿದವರಿಗೆ, ಮನೆಯಲ್ಲೇ ಕಲಿತದ್ದನ್ನು ಒರೆಗೆ ಹಚ್ಚಿ ಸರ್ಟಿಫಿಕೇಟು ಕೊಡುವ ಪರೀಕ್ಷೆಯನ್ನೂ ಅದೇ ಕೇಂದ್ರ ಶುರುಮಾಡಿದೆ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ನಮ್ಮ ಐವರಲ್ಲಿ ಇಬ್ಬರು ಆ ದಾರಿಯಲ್ಲಿದ್ದಾರೆ. ಉಳಿದ ಮೂವರಿಗೆ ಎರಡು ವರ್ಷದ ಓದೇ ಗತಿ. ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿಯಲ್ಲಿ ನಿಂತು ದೆಹಲಿಗೆ ಹೋಗುತ್ತದೆ ನಿಜ. ಟಿಕೀಟು ಯಾರು ತೆಗೆಸುತ್ತಾರೆ? ಎರಡು ವರ್ಷ ಅಲ್ಲಿ ಅನ್ನ ಯಾರು ಹಾಕುತ್ತಾರೆ? ಇಲ್ಲಿಂದ ದೆಹಲಿಗೆ ಹೋಗುವ ನಮ್ಮವರೆಲ್ಲ ಗಾರೆ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಕೈಗೆ ಬಂದ ಓದಿನ ಹಾಳೆಗಳೆಲ್ಲ ಇಂಗ್ಲಿಷು, ಹಿಂದಿ. ಕನ್ನಡದ ಕಿವುಡನಿಗೆ ಕನ್ನಡದ ಕಚೇರಿಯಲ್ಲಿ ದುಭಾಷಿ ಆಗುವವ ಮೊದಲು ಇಂಗ್ಲಿಷು ದಾಟಿ ಬರಬೇಕು. ಇದು ಹೊಸ ಉರ್ದು ಅಲ್ಲದೆ ಇನ್ನೇನು?

ದೇಶದಲ್ಲಿ 2011ರ ಲೆಕ್ಕಕ್ಕೇ ಕಿವುಡರು 50,71,007. ಸರ್ಟಿಫಿಕೇಟಿನ ದುಭಾಷಿಗಳು ಅದರ ಮುಂದೆ ಸಾಸಿವೆ ಕಾಳು. 2023ರ ಸೆಪ್ಟೆಂಬರಿನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಸನ್ನೆಭಾಷೆಯ ದುಭಾಷಿಯೊಂದಿಗೆ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಹಾಜರಾದರು. 2024ರ ಏಪ್ರಿಲಿನಲ್ಲಿ ನಮ್ಮ ಹೈಕೋರ್ಟೂ ಅವರ ವಾದ ಕೇಳಿತು. ಆ ಸುದ್ದಿ ಓದಿದ ದಿನ ನಮ್ಮ ಕೂಟದಲ್ಲಿ ಬೆಲ್ಲ ಹಂಚಿದೆವು. ಆದರೆ ಹೈಕೋರ್ಟಿಗೆ ಬಂದ ದುಭಾಷಿ ತಾಲೂಕು ಕೋರ್ಟಿಗೆ ಯಾವಾಗ ಬರುತ್ತಾನೆ?

ಓದುತ್ತ ಓದುತ್ತ ನಮಗೆ ದೊಡ್ಡ ಕಲ್ಲು ಅಡ್ಡ ಬಂದದ್ದು ವ್ಯಾಕರಣವಲ್ಲ, ನೀತಿಸಂಹಿತೆ. ದುಭಾಷಿ ಪಕ್ಷ ವಹಿಸಕೂಡದು. ಕೂಡಿಸಕೂಡದು, ಕಳೆಯಕೂಡದು. 'ಅವಳು ಹೀಗೆ ಹೇಳುತ್ತಾಳೆ' ಎನ್ನಕೂಡದು, 'ನಾನು' ಎಂದೇ ಹೇಳಬೇಕು. ಯಾರ ಮಾತನ್ನು ದಾಟಿಸುತ್ತೇವೋ ಅವರ 'ನಾನು' ನಮ್ಮ ಬಾಯಲ್ಲಿ, ನಮ್ಮ ಕೈಯಲ್ಲಿ. ನಾವೋ, ಪಕ್ಷ ವಹಿಸುವುದೇ ಸಾಹಿತ್ಯ, ನಡುವೆ ನಿಂತವನೇ ಶತ್ರು ಎಂದು ಕೂಗಿಕೊಂಡು ಬೆಳೆದವರು. ಮೂರು ರಾತ್ರಿ ಜಗಳ ಆಯಿತು. ಇದು ಬೂರ್ಜ್ವಾ ನೀತಿ ಎಂದ ಒಬ್ಬ. ಅಭ್ಯಾಸಕ್ಕೆಂದು ಒಂದು ಜಗಳದ ದೃಶ್ಯ ಮಾಡಿದೆವು. ಒಬ್ಬ ಧಣಿಯಾಗಿ ಜಾತಿ ಹಿಡಿದು ಬೈದ. ದುಭಾಷಿಯಾಗಿ ಕೂತ ಮಾಸ್ತರರು ಕೈ ಎತ್ತಲಿಲ್ಲ. "ನನ್ನ ಕೈಲೆ ಇದು ಬರಂಗಿಲ್ಲ" ಎಂದರು. ಆಮೇಲೆ 'ಸಿಟ್ಟಿನಿಂದ ಏನೋ ಅಂದ' ಎಂದು ಮೆತ್ತಗೆ ಸನ್ನೆ ಮಾಡಿದರು.

ಎದುರಿಗೆ ಆ ಹತ್ತಿ ಬಿಡಿಸುವ ಹೆಣ್ಣುಮಗಳೇ ಕೂತಿದ್ದಳು. ಅವಳು ತಲೆ ಅಲ್ಲಾಡಿಸಿದಳು. ಬೈದವನ ತುಟಿ ತೋರಿಸಿದಳು, ಮಾಸ್ತರರ ಕೈ ತೋರಿಸಿದಳು, ಎರಡೂ ಒಂದಲ್ಲ ಎಂದಳು. ತನ್ನ ಎದೆ ಮುಟ್ಟಿಕೊಂಡು ಎರಡೂ ಕೈ ಚಾಚಿದಳು: ನನಗೆ ಬಂದದ್ದು ನನಗೆ ಕೊಡು.

ಅವಳ ಮಾತಿನ ತೂಕ ನಮಗೆ ಆಮೇಲೆ ತಿಳಿಯಿತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರು ಹಿಡಿದು ಬೈದದ್ದೇ ಅಪರಾಧ. ಆ ಬೈಗುಳವೇ ಪುರಾವೆ. ದುಭಾಷಿ ಸಂಕೋಚಪಟ್ಟು 'ಸಿಟ್ಟಿನಿಂದ ಏನೋ ಅಂದ' ಎಂದು ದಾಟಿಸಿದರೆ ಖಟ್ಲೆಯೇ ಸತ್ತುಹೋಗುತ್ತದೆ. ನಮ್ಮ ಮರುಕ ಅವಳ ಸಾಕ್ಷ್ಯವನ್ನು ತಿಂದುಹಾಕುತ್ತದೆ. ಲೆಕ್ಕದವ ದುಷ್ಟತನದಿಂದ ಮಾಡಿದ್ದನ್ನೇ ನಾವು ಕರುಣೆಯಿಂದ ಮಾಡುತ್ತಿದ್ದೆವು. ಧಣಿಯ ಮಾತು ಅಷ್ಟೂ ಅವಳಿಗೆ, ಅವಳ ಮಾತು ಅಷ್ಟೂ ಕಚೇರಿಗೆ. ಅವಳು ನಮ್ಮ ಸಂಘದ ಅಧ್ಯಕ್ಷನನ್ನೇ ಬೈದರೂ ಅಷ್ಟೂ ಸಭೆಗೆ. (ಒಮ್ಮೆ ಬೈದಳು. ದಾಟಿಸಿದೆವು. ಅಧ್ಯಕ್ಷರು ಎರಡು ವಾರ ನಮ್ಮೊಂದಿಗೆ ಮಾತು ಬಿಟ್ಟಿದ್ದರು.) ಯಾರ ಪಕ್ಷ ಎನ್ನುವುದನ್ನು ನಾವು ಬೀದಿಯಲ್ಲಿ ತೀರ್ಮಾನ ಮಾಡಿಯಾಗಿದೆ. ಅವಳ ಪಕ್ಕದ ಕುರ್ಚಿಯಲ್ಲಿ ಕೂತ ಮೇಲೆ ನಮ್ಮ ಬಾಯಿ ನಮ್ಮದಲ್ಲ. ಪಕ್ಷ ವಹಿಸಬೇಕೆನ್ನುವವರು ಕುರ್ಚಿ ಬಿಟ್ಟು ಎದ್ದು ಸಾಕ್ಷಿಕಟ್ಟೆಗೆ ಹೋಗಲಿ.

ಇನ್ನೊಂದು ಭಯವೂ ನಮಗಿದೆ, ಮುಚ್ಚಿಡುವುದಿಲ್ಲ. ನಾಳೆ ನಮ್ಮ ಕೈಗೆ ಕಾಗದ ಬಂದ ಮೇಲೆ ನಾವೇ ಕೇರಿಯ ಹೊಸ ಕುಲಕರ್ಣಿಗಳಾಗಬಹುದು. ಕಿವುಡರ ಪರವಾಗಿ ವೇದಿಕೆ ಮೇಲೆ ಕೂತು ಹಾರ ಹಾಕಿಸಿಕೊಳ್ಳುವ, ಅವರ ಪಿಂಚಣಿಯ ಅರ್ಜಿಗೆ ಐನೂರು ರೂಪಾಯಿ ಕೇಳುವ ಜನ ಎಲ್ಲಿಂದಲೋ ಬರುವುದಿಲ್ಲ, ನಮ್ಮಂಥವರಿಂದಲೇ ಬರುತ್ತಾರೆ. ಅದಕ್ಕೇ ನಮ್ಮ ಕೂಟದ ಲೆಕ್ಕಪತ್ರ, ದಿನದ ಪಾಠ, ಯಾರು ಪರೀಕ್ಷೆಗೆ ಹೋಗಲು ಯೋಗ್ಯರು ಎಂಬ ತೀರ್ಮಾನ, ಮೂರನ್ನೂ ಕಿವುಡ ಗೆಳೆಯರ ಕೈಗೆ ಕೊಟ್ಟಿದ್ದೇವೆ. ಪಾಠ ಕಲಿಸುವವರೂ ಅವರೇ. ಗಾರೆ ಕೆಲಸ ಮಾಡುವವನೊಬ್ಬ, ಬಟ್ಟೆ ಹೊಲಿಯುವವಳೊಬ್ಬಳು.

ಯಾದಗಿರಿಯ ಜಿಲ್ಲಾ ಕೋರ್ಟಿನಲ್ಲಿ, ಶಹಾಪುರ, ಸುರಪುರದ ತಾಲೂಕು ಕೋರ್ಟು, ಪೊಲೀಸ್ ಠಾಣೆ, ಸರ್ಕಾರಿ ಆಸ್ಪತ್ರೆಯಲ್ಲಿ ಕರೆದರೆ ಬರುವ, ಪಗಾರ ಪಡೆಯುವ ದುಭಾಷಿಗಳು ಬೇಕು. ಅವರಲ್ಲಿ ಹೆಂಗಸರು ಇರಲೇಬೇಕು, ಹೆರಿಗೆ ಕೋಣೆಗೆ ಮಾಸ್ತರರು ಹೋಗಲು ಬರುವುದಿಲ್ಲ. ಡಿಪ್ಲೊಮಾ ಕಲಬುರಗಿಗಾದರೂ ಬರಲಿ, ಕನ್ನಡದಲ್ಲಿ ಬರಲಿ, ನಮ್ಮ ಹುಡುಗಿಯರಿಗೆ ಹಾಸ್ಟೆಲು ಇರಲಿ. 371(ಜೆ) ಎಂದು ಹತ್ತು ವರ್ಷದ ಮೇಲಾಯಿತು ಭಾಷಣ ಕೇಳುತ್ತಿದ್ದೇವೆ. ರಸ್ತೆಗೆ, ಕಟ್ಟಡಕ್ಕೆ ಹೋಗುವ ರೊಕ್ಕದಲ್ಲಿ ಇದಕ್ಕೆ ಒಂದು ಮುಷ್ಟಿ ತೆಗೆದಿಡಲು ಯಾವ ಶಾಸಕರ ಕೈ ನೋಯುತ್ತದೆ? ಮತ್ತು ನಮ್ಮ ಸಂಘಟನೆಗಳಿಗೆ: ಮುಂದಿನ ಏಪ್ರಿಲ್ 14ಕ್ಕೆ ವೇದಿಕೆಯ ಮೇಲೆ ದೀಪ ಹಾಕುವಾಗ ಭಾಷಣಕಾರನ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಡಿ, ಅವರ ಕೈಗೆ ಬೆಳಕು ಬೀಳಲಿ.

ಹಳ್ಳಿಯ ಮಾಸ್ತರರೇ, ನಿಮ್ಮ ಶಾಲೆಯಲ್ಲಿ ಗದ್ದಲ ಮಾಡದ ಹುಡುಗನೋ ಹುಡುಗಿಯೋ ಇದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನಾವು ಬರುತ್ತೇವೆ, ಕಿವುಡ ಗೆಳೆಯರನ್ನು ಕರೆದುಕೊಂಡೇ ಬರುತ್ತೇವೆ.

ಹನ್ನೊಂದು ದಿನದ ಕೂಲಿ ಇನ್ನೂ ಬಂದಿಲ್ಲ. ಅರ್ಜಿ ಮತ್ತೆ ಹಾಕಿದ್ದೇವೆ. ಈ ಸಲ ಅವಳ ಸನ್ನೆಯನ್ನು ಮೊಬೈಲಿನಲ್ಲಿ ತೆಗೆದು ಜೊತೆಗೆ ಕೊಟ್ಟಿದ್ದೇವೆ. ಕಚೇರಿಯವರು ಅದನ್ನು ಎಲ್ಲಿ ದಾಖಲೆ ಮಾಡಬೇಕೆಂದು ಮೇಲಿನವರನ್ನು ಕೇಳಿದ್ದಾರಂತೆ.